ಕಿತ್ತು ನೆಟ್ಟ ಪೈರು

ಓದತಕ್ಕ ವೇದಭಾಗ: ದಾನಿಯೇಲನು ೧ನೆಯ ಅಧ್ಯಾಯ, ನ್ಯಾಯಸ್ಥಾಪಕರು ೭ನೆಯ ಅಧ್ಯಾಯ.



ಮಳೆ ಹಿಡಿದು, ಕಾಲುವೆಗಳಿಗೆ ನೀರು ಬಂದ ಮೇಲೆ ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಗದ್ದೆಗಳಲ್ಲಿ ಯಾವ ಕೆಲಸ ನಡೆಯುತ್ತದೆಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾದದ್ದಿಲ್ಲ. ಒಟ್ಲು ಪಾತಿಯಲ್ಲಿ ಒತ್ತೊತ್ತಾಗಿ, ಹಸುರಾಗಿ, ಒಂದಕ್ಕೊಂದು ಆತುಕೊಂಡು ಬೆಳೆದ ಪೈರನ್ನು ಬೇರುಸಹಿತ ಕಿತ್ತು, ಕಟ್ಟುಗಳಾಗಿ ಕಟ್ಟಿ, ಕೆಸರುಗದ್ದೆಯಲ್ಲಿ ನೆಡುತ್ತೀರಿ. ಮಾರನೆಯ ದಿವಸ ಅದನ್ನು ನೋಡಿದರೆ ಸತ್ತುಹೋದ ಹಾಗೆಯೇ ಕಾಣುತ್ತದೆ. ತಲೆ ಬಾಗಿರುತ್ತದೆ, ಎಲೆ ಹಳದಿಯಾಗಿರುತ್ತದೆ. ಪೇಟೆಯವನೊಬ್ಬನು ಬದುವಿನ ಮೇಲೆ ನಿಂತು ನೋಡಿದರೆ, ಚೆನ್ನಾಗಿದ್ದ ಪೈರನ್ನು ಇವರು ಯಾಕೆ ಹಾಳುಮಾಡಿದರೆಂದು ಕೇಳಾನು. ಆದರೆ ಬೇಸಾಯ ಬಲ್ಲವನು ನೀರನ್ನು ಹದವಾಗಿ ನಿಲ್ಲಿಸಿ, ಎಂಟು ಹತ್ತು ದಿವಸ ತಾಳಿಕೊಂಡಿರುತ್ತಾನೆ. ಅಷ್ಟರೊಳಗೆ ಕೆಸರಿನ ಕೆಳಗೆ, ಯಾರ ಕಣ್ಣಿಗೂ ಬೀಳದೆ, ಹೊಸದಾದ ಬಿಳಿಯ ಬೇರುಗಳು ಹೊರಡುತ್ತವೆ. ಬದುಕಿದೆಯೋ ಇಲ್ಲವೋ ಎಂದು ದಿನವೂ ಕಿತ್ತು ನೋಡುವವನ ಗದ್ದೆಯಲ್ಲಿ ಮಾತ್ರ ಏನೂ ಉಳಿಯುವುದಿಲ್ಲ.

ಅದೇ ಜುಲೈ ತಿಂಗಳಲ್ಲಿ ಪುಣೆಯ ಬಳಿಯಲ್ಲಿರುವ ಖಡಕ್ವಾಸ್ಲಾ ಎಂಬ ಸ್ಥಳದಲ್ಲಿ ಮತ್ತೊಂದು ವಿಧವಾದ ನಾಟಿ ನಡೆಯುತ್ತದೆ. ಅಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಎಂಬ ಪಾಠಶಾಲೆ ಉಂಟು. ಭೂಸೇನೆ, ನೌಕಾಸೇನೆ, ವಾಯುಸೇನೆ ಈ ಮೂರಕ್ಕೂ ಅಧಿಕಾರಿಗಳಾಗತಕ್ಕ ಎಳೆಯರನ್ನು ಅಲ್ಲಿ ಒಟ್ಟಾಗಿ ಮೂರು ವರುಷ ತಿದ್ದುತ್ತಾರೆ. ೧೯೪೯ರಲ್ಲಿ ಡೆಹರಾಡೂನಿನಲ್ಲಿ ಆರಂಭವಾದ ಈ ಕೆಲಸವು ೧೯೫೪ರ ಡಿಸೆಂಬರಿನಲ್ಲಿ ಖಡಕ್ವಾಸ್ಲಾಕ್ಕೆ ಬಂತು. ವರುಷಕ್ಕೆ ಎರಡಾವರ್ತಿ, ಜನವರಿಯಲ್ಲಿಯೂ ಜುಲೈಯಲ್ಲಿಯೂ, ಹದಿನೇಳು ಹದಿನೆಂಟು ವರುಷದ ಮಕ್ಕಳು ದೇಶದ ಎಲ್ಲಾ ಸೀಮೆಗಳಿಂದ ಪೆಟ್ಟಿಗೆಗಳನ್ನು ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಬಹುಕಾಲ ಅದು ಗಂಡುಮಕ್ಕಳಿಗೆ ಮಾತ್ರ ತೆರೆದಿದ್ದ ಬಾಗಿಲು. ೨೦೨೧ರಲ್ಲಿ ಸುಪ್ರೀಂ ಕೋರ್ಟಿನ ಅಪ್ಪಣೆಯಾಗಿ, ೨೦೨೨ರಲ್ಲಿ ಹೆಣ್ಣುಮಕ್ಕಳೂ ಪ್ರವೇಶಿಸಿದರು. ಅವರಲ್ಲಿ ಮೊದಲಿನ ಹದಿನೇಳು ಮಂದಿ ೨೦೨೫ರ ಮೇ ೩೦ರಂದು ಶಿಕ್ಷಣ ಮುಗಿಸಿ ಹೊರಬಂದರು.

ಇದರಿಂದ ನಮ್ಮ ಕೇರಿಗಳಿಗೇನು ಎಂದು ಕೇಳುವಿರೋ? ಕೇಳಿರಿ. ದಂಡು ಎಂಬುದು ಈ ಸೀಮೆಗೆ ಹೊಸ ಮಾತಲ್ಲ. ನಂಜನಗೂಡಿನ ಪಕ್ಕದ ಕಳಲೆಯು ಮೈಸೂರ ಅರಸರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು. ಕಪಿಲೆಯ ಮೇಲೆ ೧೭೩೫ರಲ್ಲಿ ಕಟ್ಟಲ್ಪಟ್ಟ ಹಳೆಯ ಸೇತುವೆಯು ಆ ಮನೆತನದ ದಳವಾಯಿ ದೇವರಾಜಯ್ಯನ ಹೆಸರಿನೊಂದಿಗೆ ಸೇರಿಕೊಂಡಿದೆ. ನರಸೀಪುರದ ತಾಲ್ಲೂಕಿನಲ್ಲಿ ಸೋಮನಾಥಪುರವು ಹೊಯ್ಸಳರ ದಂಡನಾಯಕನೊಬ್ಬನ ಹೆಸರನ್ನೇ ಹೊತ್ತುಕೊಂಡಿದೆ. ಆದರೆ ಆ ಕಾಲದಲ್ಲಿ ಪರರ ಗದ್ದೆಯಲ್ಲಿ ಆಳಾಗಿ ದುಡಿಯುವವನ ಮಗನು ದಂಡಿನ ಹಿಂದೆ ಹೊರೆ ಹೊತ್ತುಕೊಂಡು ಹೋಗಬಹುದಾಗಿತ್ತೇ ಹೊರತು ದಂಡಿನ ಮುಂದೆ ನಡೆಯುವ ಹಾದಿ ಅವನಿಗಿರಲಿಲ್ಲ. ಈಗ ಹಾಗಲ್ಲ. ಹನ್ನೆರಡನೆಯ ತರಗತಿಯ ಓದು, ಒಂದು ಬರಹದ ಪರೀಕ್ಷೆ, ಐದು ದಿವಸ ನಡೆಯುವ ಆಯ್ಕೆಮಂಡಲಿಯ ಪರಿಶೋಧನೆ, ವೈದ್ಯರ ತಪಾಸಣೆ, ಇಷ್ಟನ್ನು ದಾಟಿದವನ ತಂದೆಯ ಹೊಲ ಎಷ್ಟೆಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಕಲಿಸುವ ಖರ್ಚೂ ಸರ್ಕಾರದ್ದೇ. ಆದಕಾರಣ ಇದು ನಮ್ಮ ಮಕ್ಕಳ ಸಂಗತಿಯೇ ಸರಿ.

ಕ್ರೈಸ್ತನು ಸೈನಿಕನಾಗಬಹುದೋ ಎಂಬ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಸ್ನಾನಿಕನಾದ ಯೋಹಾನನು ತನ್ನ ಬಳಿಗೆ ಬಂದ ಸಿಪಾಯಿಗಳಿಗೆ ಬಲಾತ್ಕಾರದಿಂದ ಕಸಿದುಕೊಳ್ಳಬಾರದೆಂದೂ ತಮ್ಮ ಸಂಬಳದಲ್ಲಿ ತೃಪ್ತರಾಗಿರಬೇಕೆಂದೂ ಬುದ್ಧಿ ಹೇಳಿದನು. ಕತ್ತಿಯನ್ನು ಅಲ್ಲಿಯೇ ಇಟ್ಟುಹೋಗಬೇಕೆಂದು ಹೇಳಲಿಲ್ಲ. ಇಷ್ಟು ಸಾಕು. ನಾನು ಮಾತಾಡಬೇಕೆಂದಿರುವುದು ಬೇರೊಂದನ್ನು ಕುರಿತು: ಆ ಶಾಲೆಯ ಮೊದಲನೆಯ ಕೆಲವು ವಾರಗಳನ್ನು ಎಳೆಯ ಪ್ರಾಣವು ಹೇಗೆ ದಾಟೀತು, ಆಗ ಮನೆಯಲ್ಲಿರುವ ನಾವು ಏನು ಮಾಡತಕ್ಕದ್ದು?

ದಾನಿಯೇಲನ ಪುಸ್ತಕದ ಮೊದಲನೆಯ ಅಧ್ಯಾಯವನ್ನು ತೆರೆಯಿರಿ. ಬಾಬೆಲಿನ ಅರಸನು ಯೆಹೂದದ ಹುಡುಗರನ್ನು ಹಿಡಿದು ತರಿಸಿ, ಕಸ್ದೀಯರ ಭಾಷೆಯನ್ನೂ ವಿದ್ಯೆಯನ್ನೂ ಕಲಿಸಿ, ಕಡೆಗೆ ತನ್ನ ಸನ್ನಿಧಿಯಲ್ಲಿ ನಿಲ್ಲಿಸಿಕೊಳ್ಳಬೇಕೆಂದು ನೇಮಿಸಿದನು. ಕಾಲವೆಷ್ಟು? ಮೂರು ವರುಷ. ಖಡಕ್ವಾಸ್ಲಾದಲ್ಲಿಯೂ ಅಷ್ಟೇ. ಮೊದಲು ಮಾಡಿದ್ದೇನು? ಹೆಸರನ್ನು ಬದಲಾಯಿಸಿದರು. ದಾನಿಯೇಲ, ಹನನ್ಯ, ಮೀಶಾಯೇಲ, ಅಜರ್ಯರೆಂದು ತಾಯಂದಿರು ಕರೆದಿದ್ದವರನ್ನು ಬೇಲ್ತೆಶಚ್ಚರ, ಶದ್ರಕ್, ಮೇಶಕ್, ಅಬೇದ್ನೆಗೋ ಎಂದು ಕರೆದರು. ಊಟ ಬೇರೆ, ಮಾತು ಬೇರೆ, ಹೆಸರು ಬೇರೆ. ಆ ನಾಲ್ವರು ಸೆರೆಯವರು. ನಮ್ಮ ಮಕ್ಕಳು ತಾವಾಗಿ ಹೋಗುವವರು. ಈ ಭೇದ ದೊಡ್ಡದು, ಅದನ್ನು ಮರೆಯಬಾರದು. ಆದರೂ ಮೊದಲನೆಯ ರಾತ್ರಿ ಕತ್ತಲೆಯಲ್ಲಿ ಮಲಗಿಕೊಂಡು ಮನೆಯನ್ನು ನೆನಸುವ ಹೊತ್ತಿಗೆ ಆ ಭೇದವು ಹುಡುಗನ ಬುದ್ಧಿಗೆ ತಿಳಿದೀತೇ ಹೊರತು ಹೊಟ್ಟೆಗೆ ತಿಳಿಯದು.

ಅಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಬಂದ ಕೂಡಲೆ ತಲೆಗೂದಲನ್ನು ತೀರ ಗಿಡ್ಡವಾಗಿ ಕತ್ತರಿಸುತ್ತಾರೆ. ಎಲ್ಲರಿಗೂ ಒಂದೇ ಉಡುಪು. ಹದಿನೆಂಟು ಸ್ಕ್ವಾಡ್ರನ್ನುಗಳೆಂಬ ತಂಡಗಳಲ್ಲಿ ಹಂಚಿಬಿಡುತ್ತಾರೆ. ಪಂಜಾಬಿನವನ ಪಕ್ಕದಲ್ಲಿ ಮಣಿಪುರದವನು, ಅವನ ಪಕ್ಕದಲ್ಲಿ ನಮ್ಮವನು. ಸೂರ್ಯೋದಯಕ್ಕೆ ಮುಂಚೆ ಏಳಬೇಕು. ಕವಾಯತು, ಅಂಗಸಾಧನೆ, ಈಜು, ಕುದುರೆಸವಾರಿ, ಇವುಗಳ ನಡುವೆ ಕಾಲೇಜಿನ ಪಾಠಗಳು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೈಸಿಕಲ್ಲಿನ ಮೇಲೆ, ಅದೂ ಸಾಲುಗಟ್ಟಿ ಹೋಗಬೇಕು. ನಮ್ಮ ಹುಡುಗರು ಬೈಸಿಕಲ್ಲು ತುಳಿದವರೇ. ಆದರೆ ತನ್ನ ಮುಂದಿನವನ ಚಕ್ರವನ್ನು ನೋಡಿ ತನ್ನ ಚಕ್ರವನ್ನು ತಿರುಗಿಸುವುದು ಬೇರೆ ವಿದ್ಯೆ. ಕವಾಯತಿನ ಪರೀಕ್ಷೆಯೊಂದುಂಟು, ಅದನ್ನು ದಾಟುವ ತನಕ ಹೊರಗೆ ತಿರುಗಾಡಲಿಕ್ಕೆ ಬಿಡುವು ಸಿಕ್ಕುವುದಿಲ್ಲ. ನಿದ್ರೆಗೆ ಕಾಲ ಸಾಲದು. ಒಬ್ಬನು ತಪ್ಪಿದರೆ ಸಾಲಿನವರೆಲ್ಲರೂ ಅದಕ್ಕೆ ಬೆವರು ಸುರಿಸಬೇಕಾದೀತು.

ಈ ಕಡೆಯ ಸಂಗತಿಯನ್ನು ಕೇಳಿ, ಇದು ಅನ್ಯಾಯವಲ್ಲವೋ ಎಂದು ತಾಯಂದಿರು ಹೇಳಾರು. ಆದರೆ ಇದರ ಹುರುಳು ಇಲ್ಲಿಯೇ ಇದೆ. ಊರಿನಲ್ಲಿ ನಮ್ಮ ಹುಡುಗನು ತನ್ನ ಅಂಕಗಳಿಗಾಗಿ ತಾನೇ ಓದಿದನು, ತನ್ನ ಓಟವನ್ನು ತಾನೇ ಓಡಿದನು, ತಾನೊಬ್ಬನೇ ಗೆದ್ದನು. ಮುಂದೆ ಅವನ ಕೈಕೆಳಗೆ ಮೂವತ್ತು ಮಂದಿ ಸಿಪಾಯಿಗಳ ಪ್ರಾಣವನ್ನು ಕೊಡಬೇಕಾಗಿದೆ. ಅಂಥವನಿಗೆ ಪಕ್ಕದವನ ಬೂಟಿನ ದಾರ ಸಡಿಲವಾಗಿದೆಯೋ ಎಂದು ನೋಡುವ ಕಣ್ಣು ಮೊದಲು ಬರಬೇಕು. ಮೊದಲ ವಾರಗಳ ಕಷ್ಟವು ಹುಡುಗನನ್ನು ಕಲ್ಲು ಮಾಡುವುದಕ್ಕಲ್ಲ, ಒಬ್ಬನೇ ಇರುವ ಅಭ್ಯಾಸವನ್ನು ಬಿಡಿಸುವುದಕ್ಕೇ. ಎಳೆಯ ಹೋರಿಯನ್ನು ಪಳಗಿಸುವಾಗ ಅದನ್ನು ಒಂಟಿಯಾಗಿ ನೊಗಕ್ಕೆ ಕಟ್ಟುವವರುಂಟೋ? ಮೊದಲು ಅದು ಅತ್ತಿತ್ತ ಎಳೆದಾಡಿ ಹೆಗಲು ಉಜ್ಜಿಕೊಳ್ಳುತ್ತದೆ. ಜೊತೆಯ ಎತ್ತಿನ ಹೆಜ್ಜೆ ಕಿವಿಗೆ ಬಿದ್ದ ದಿವಸ ನೊಗವು ಹಗುರವಾಗುತ್ತದೆ. ದಾನಿಯೇಲನೂ ಒಬ್ಬನೇ ಇರಲಿಲ್ಲ, ನಾಲ್ವರಿದ್ದರು. ಆ ಅಧ್ಯಾಯದಲ್ಲಿ ಅವರ ಹೆಸರುಗಳು ಮತ್ತೆ ಮತ್ತೆ ಜೊತೆಯಾಗಿ ಬರುವುದನ್ನು ನೋಡಿರಿ.

ಅಮೇರಿಕ ದೇಶದಲ್ಲಿ ೧೮೦೨ರಲ್ಲಿ ಸ್ಥಾಪಿತವಾದ ವೆಸ್ಟ್ ಪಾಯಿಂಟ್ ಎಂಬ ಸೇನಾಪಾಠಶಾಲೆಯಲ್ಲಿ ಹೊಸಬರನ್ನು ಬೇಸಗೆಯಲ್ಲಿಯೇ ಬರಮಾಡಿಕೊಂಡು, ಪುಸ್ತಕದ ಪಾಠಗಳು ಆರಂಭವಾಗುವ ಮುಂಚೆ ಕೆಲವು ವಾರ ಕಠಿಣವಾಗಿ ತಿದ್ದುತ್ತಾರೆ. ಆ ಕಾಲಕ್ಕೆ ಅಲ್ಲಿಯ ಹುಡುಗರು ಮೃಗದ ಬಿಡಾರವೆಂದು ಹೆಸರಿಟ್ಟಿದ್ದಾರೆ! ಹೊಸಬನಿಗೆ ಮೇಲಿನವರ ಮುಂದೆ ನಾಲ್ಕೇ ಉತ್ತರಗಳಿಗೆ ಅಪ್ಪಣೆ: ಹೌದು, ಅಲ್ಲ, ನೆವವೇನೂ ಇಲ್ಲ, ನನಗೆ ಅರ್ಥವಾಗಲಿಲ್ಲ. ಈ ನಾಲ್ಕರಲ್ಲಿ ಮೂರನೆಯದನ್ನು ಹೇಳುವುದು ಎಲ್ಲರಿಗೂ ಕಷ್ಟ. ಬೂಟು ಯಾಕೆ ಹೊಳೆಯುವುದಿಲ್ಲವೆಂದು ಕೇಳಿದರೆ ಮಳೆಯ ಕಥೆ, ಬಣ್ಣದ ಡಬ್ಬಿಯ ಕಥೆ ನಾಲಿಗೆಯ ತುದಿಗೆ ಬಂದು ನಿಲ್ಲುತ್ತವೆ. ಆದರೆ ನಾಲ್ಕನೆಯದನ್ನೂ ಗಮನಿಸಿರಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದು ಹೇಳುವುದಕ್ಕೆ ಅಲ್ಲಿ ಅಪ್ಪಣೆಯುಂಟು. ಹಿಂದಿಯೂ ಇಂಗ್ಲಿಷೂ ತೊಡಕಾಗಿರುವ ನಮ್ಮ ಹಳ್ಳಿಯ ಮಕ್ಕಳು ನಾಚಿಕೆಯಿಂದ ತಲೆಯಾಡಿಸಿಬಿಟ್ಟು, ಆಮೇಲೆ ತಪ್ಪು ಕಡೆಗೆ ತಿರುಗಿ ನಿಲ್ಲುತ್ತಾರೆ. ಮನೆ ಬಿಡುವ ಮೊದಲು ಈ ಒಂದು ಮಾತನ್ನು ಅವರಿಗೆ ರೂಢಿಮಾಡಿಸಿರಿ.

ಇನ್ನು ಸಿದ್ಧತೆಯ ವಿಷಯ. ೧೯೧೮ರಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾಪಾಠಶಾಲೆಯಲ್ಲಿ ಇಂಡಿಯಾದವರಿಗೆ ವರುಷಕ್ಕೆ ಹತ್ತು ಸ್ಥಾನಗಳನ್ನು ಕೊಡತೊಡಗಿದರು. ಮೊದಮೊದಲು ಹೋದವರಲ್ಲಿ ಅನೇಕರು ಅಲ್ಲಿ ನಿಲ್ಲಲಾರದೆ ಹೋದರು. ಇವರಿಗೆ ಧೈರ್ಯ ಸಾಲದೆಂದು ಹೇಳಿದವರೂ ಇದ್ದರು. ನಿಜವಾದ ಕಾರಣವೇನಂದರೆ, ಒಟ್ಲು ಪಾತಿಯೇ ಇಲ್ಲದೆ ಬೀಜವನ್ನು ತಂದು ಆಳವಾದ ನೀರಿನಲ್ಲಿ ಎಸೆದ ಹಾಗಾಗಿತ್ತು. ಆದಕಾರಣ ೧೯೨೨ರಲ್ಲಿ ಡೆಹರಾಡೂನಿನಲ್ಲಿ ಹುಡುಗರನ್ನು ಮುಂಚಿತವಾಗಿ ಅಣಿಮಾಡುವ ಶಾಲೆಯನ್ನು ತೆರೆದರು. ನಮ್ಮ ನೆರೆಯ ಕೊಡಗಿನವರಾದ ಕೆ. ಎಸ್. ತಿಮ್ಮಯ್ಯನವರು ಆ ಶಾಲೆಯಲ್ಲಿ ಓದಿ, ಸ್ಯಾಂಡ್‌ಹರ್ಸ್ಟಿಗೆ ಹೋಗಿ, ೧೯೨೬ರಲ್ಲಿ ಅಧಿಕಾರಪತ್ರ ಪಡೆದರು; ೧೯೫೭ರಲ್ಲಿ ದೇಶದ ಭೂಸೇನೆಗೆ ಮುಖ್ಯಸ್ಥರಾದರು. ಅವರಿಗಿಂತ ಹಿರಿಯರಾದ ಕೆ. ಎಂ. ಕಾರ್ಯಪ್ಪನವರು ಇಂದೂರಿನ ಡೇಲಿ ಕಾಲೇಜಿನಲ್ಲಿ ಶಿಕ್ಷಣ ಹೊಂದಿ ೧೯೧೯ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ೧೯೪೯ರ ಜನವರಿ ೧೫ರಂದು ಇಡೀ ಸೇನೆಯ ದಂಡನಾಯಕತ್ವವು ಅವರ ಕೈಗೆ ಬಂತು. ಶನಿವಾರಸಂತೆಯಲ್ಲಿ ಹುಟ್ಟಿದವರು ಅವರು. ಈಗ ಕೊಡಗಿನ ಕೂಡಿಗೆಯಲ್ಲಿ ೨೦೦೭ರಿಂದಲೂ, ವಿಜಯಪುರದಲ್ಲಿ ೧೯೬೩ರಿಂದಲೂ ಸೈನಿಕ ಶಾಲೆಗಳುಂಟು. ಕೂಡಿಗೆಯು ನಮಗೆ ದೂರವಲ್ಲ. ಆದರೂ ಆ ಹೆಸರನ್ನು ಕೇಳದ ಸಭೆಗಳು ನಮ್ಮಲ್ಲಿ ಇನ್ನೂ ಇದ್ದರೆ ಅದು ಹಿರಿಯರು ಯೋಚಿಸತಕ್ಕ ಸಂಗತಿ.

ಶರೀರದ ಸಿದ್ಧತೆಯೂ ಹೀಗೆಯೇ. ಎಂದೂ ಓಡದವನು ಒಮ್ಮೆಲೇ ದಿನವೂ ಓಡತೊಡಗಿದರೆ, ಮೊಣಕಾಲ ಕೆಳಗಿನ ಮುಂಗಾಲೆಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುವುದುಂಟು. ಸೇನಾಶಿಕ್ಷಣಕ್ಕೆ ಹೋದವರಲ್ಲಿ ಬಹಳವಾಗಿ ಕಾಣುವ ಗಾಯವಿದು. ಎಲುಬು ಬಲಗೊಳ್ಳುವುದಕ್ಕೆ ತಿಂಗಳುಗಳು ಹಿಡಿಯುತ್ತವೆ, ಆಸೆಯು ಅದನ್ನು ಅವಸರಪಡಿಸಲಾರದು. ಆದಕಾರಣ ಆರು ತಿಂಗಳು ಮುಂಚಿನಿಂದಲೇ ಸ್ವಲ್ಪಸ್ವಲ್ಪವಾಗಿ, ಮೆತ್ತನೆಯ ನೆಲದ ಮೇಲೆ, ವಾರಕ್ಕೆ ಒಂದು ದಿವಸ ಬಿಡುವು ಕೊಟ್ಟು ಓಡಲಿ. ಈಜನ್ನೂ ಕಲಿಯಲಿ. ಆದರೆ ಕಾವೇರಿ ಕಪಿಲೆಗಳು ಕೂಡುವ ಸ್ಥಳದಲ್ಲಿ ಸುಳಿಗಳಿವೆ. ಬಲ್ಲ ಹಿರಿಯನೊಬ್ಬನು ಜೊತೆಯಲ್ಲಿಲ್ಲದೆ ಯಾವ ಹುಡುಗನೂ ಅಲ್ಲಿ ಇಳಿಯಬಾರದು.

ಈಗ ಎಲ್ಲಕ್ಕಿಂತ ಕಷ್ಟವಾದ ಸಂಗತಿಗೆ ಬರುತ್ತೇನೆ. ಮೊದಲ ವಾರಗಳಲ್ಲಿ ಮನೆಯವರೊಂದಿಗೆ ಮಾತಾಡುವುದಕ್ಕೆ ಮಕ್ಕಳಿಗೆ ಅವಕಾಶ ಬಹು ಕಡಿಮೆ. ಆ ಕೆಲವು ನಿಮಿಷಗಳಲ್ಲಿ ಟೆಲಿಫೋನಿನಲ್ಲಿ ಮಗನು ಅಳುತ್ತಾ, ಅಪ್ಪಾ, ನನ್ನಿಂದಾಗದು, ಬಂದು ಕರೆದುಕೊಂಡು ಹೋಗಿರಿ ಎಂದರೆ ಏನು ಮಾಡುವಿರಿ? ಎದೆ ಒಡೆಯುತ್ತದೆ. ಬಾರಪ್ಪ ಮಗನೇ, ಗಂಜಿಯಾದರೂ ಕುಡಿದು ಇಲ್ಲಿಯೇ ಇರುವಿಯಂತೆ ಎಂಬ ಮಾತು ತಾಯಿಯ ಬಾಯಿಗೆ ಬಂದೇ ಬರುತ್ತದೆ. ಆ ಮಾತು ಪ್ರೀತಿಯ ಮಾತೇ. ಆದರೆ ಅದು ಪೈರನ್ನು ಕಿತ್ತು ನೋಡುವ ಕೈ. ಇನ್ನೊಂದು ಕಡೆ, ಊರವರ ಮುಂದೆ ನಮ್ಮ ಮಾನ ಕಳೆಯಬೇಡ, ತಿರುಗಿ ಬಂದರೆ ಮುಖ ತೋರಿಸಬೇಡ ಎನ್ನುವ ತಂದೆಯೂ ಇದ್ದಾನು. ಅವನು ನೀರನ್ನೇ ಕಟ್ಟಿಬಿಟ್ಟವನು. ಇವೆರಡೂ ಅಲ್ಲ.

ದಾನಿಯೇಲನು ಏನು ಮಾಡಿದನು? ಅರಸನ ಭೋಜನದ ವಿಷಯದಲ್ಲಿ ತೊಂದರೆ ಬಂದಾಗ ಅವನು ಮೇಲ್ವಿಚಾರಕನ ಬಳಿಗೆ ಹೋಗಿ, ಮೂರು ವರುಷದ ಮಾತನ್ನು ಎತ್ತದೆ, ಹತ್ತು ದಿವಸಗಳನ್ನು ಮಾತ್ರ ಕೇಳಿಕೊಂಡನು. ಹತ್ತು ದಿವಸ ನೋಡಿರಿ, ಆಮೇಲೆ ನಿಮಗೆ ತೋಚಿದಂತೆ ಮಾಡಿರಿ ಎಂಬುದು ಅವನ ಬಿನ್ನಹದ ತಾತ್ಪರ್ಯ. ಮೂರು ವರುಷಗಳನ್ನು ಒಂದೇ ರಾತ್ರಿಯಲ್ಲಿ ಹೆಗಲ ಮೇಲೆ ಹೊತ್ತುಕೊಂಡವನು ಯಾರೇ ಆಗಲಿ ಕುಸಿಯುತ್ತಾನೆ. ಆದಕಾರಣ ಮಗನು ಅತ್ತರೆ ಅಳಲಿ, ಪೂರ್ತಿಯಾಗಿ ಕೇಳಿರಿ. ಅನಂತರ, ಮಗನೇ, ಈ ಆದಿತ್ಯವಾರದ ತನಕ ಇರು, ಆಗ ಮತ್ತೆ ಮಾತಾಡೋಣ ಎನ್ನಿರಿ. ಆ ಆದಿತ್ಯವಾರ ಬಂದಾಗ ಮತ್ತೊಂದು ಆದಿತ್ಯವಾರ. ಊಟ ಮಾಡಿದೆಯೋ, ಪಕ್ಕದ ಮಂಚದವನ ಹೆಸರೇನು, ಅವನ ಊರು ಯಾವುದು ಎಂದು ಕೇಳಿರಿ. ಪಕ್ಕದವನ ಹೆಸರು ಮಗನ ಬಾಯಲ್ಲಿ ಬಂದರೆ ಬೇರು ಹೊರಟಿತೆಂದು ತಿಳಿಯಿರಿ. ಮನೆಯ ಸಾಲ, ಹಸುವಿನ ಕಾಯಿಲೆ, ದಾಯಾದಿಗಳ ಜಗಳ, ಇವುಗಳನ್ನು ಆ ವಾರಗಳಲ್ಲಿ ಅವನ ಕಿವಿಗೆ ಹಾಕಬೇಡಿರಿ.

ಆದರೆ ತಾಳ್ಮೆಯ ಹೆಸರಿನಲ್ಲಿ ಎಲ್ಲವನ್ನೂ ಸಹಿಸಬೇಕೆಂದು ನಾನು ಬೋಧಿಸುವುದಿಲ್ಲ. ದಾನಿಯೇಲನು ಭಾಷೆಯನ್ನು ಕಲಿತನು, ವಿದ್ಯೆಯನ್ನು ಕಲಿತನು, ಹೊಸ ಹೆಸರಿಗೆ ಓಗೊಟ್ಟನು. ಒಂದು ವಿಷಯದಲ್ಲಿ ಮಾತ್ರ, ವಿನಯದಿಂದ, ತಕ್ಕ ಅಧಿಕಾರಿಯ ಮುಂದೆ, ಆಗದೆಂದು ಹೇಳಿದನು. ಓಡಿಸುವುದು ಬೇರೆ, ಹೊಡೆಯುವುದು ಬೇರೆ. ಹಿರಿಯ ವಿದ್ಯಾರ್ಥಿಯು ಕಿರಿಯನನ್ನು ಬಡಿದರೆ ಅದು ಶಿಕ್ಷಣವಲ್ಲ, ಅಪರಾಧ. ಪ್ರತಿಯೊಂದು ಸ್ಕ್ವಾಡ್ರನ್ನಿನಲ್ಲಿಯೂ ಮಕ್ಕಳನ್ನು ನೋಡಿಕೊಳ್ಳುವ ಡಿವಿಜನಲ್ ಆಫೀಸರರುಂಟು. ಅವರಿಗೆ ತಿಳಿಸುವುದು ಚಾಡಿಯಲ್ಲ. ಕಾಲು ನೋಯುತ್ತಿದ್ದರೆ ವೈದ್ಯನಿಗೆ ಹೇಳುವುದು ಹೇಡಿತನವಲ್ಲ. ನೋವನ್ನು ಮುಚ್ಚಿಟ್ಟವನು ಒಂದು ವಾರದ ಬಿಡುವಿಗೆ ಬದಲಾಗಿ ಜೀವಮಾನದ ಕುಂಟನ್ನು ಪಡೆದಾನು. ಶಿಕ್ಷಣಕಾಲದಲ್ಲಿ ಗಾಯಗೊಂಡು ಅಂಗಹೀನರಾಗಿ ಮನೆಗೆ ಕಳುಹಿಸಲ್ಪಟ್ಟ ಯುವಕರುಂಟು. ಅವರಿನ್ನೂ ಅಧಿಕಾರಪತ್ರ ಪಡೆಯದವರಾದದ್ದರಿಂದ ಮಾಜಿ ಸೈನಿಕರೆಂಬ ಎಣಿಕೆಗೆ ಸೇರದೆ ಬಹುಕಾಲ ಸಂಕಟಪಟ್ಟರು. ೨೦೨೫ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಅವರ ಸಂಗತಿಯನ್ನು ವಿಚಾರಣೆಗೆ ತೆಗೆದುಕೊಂಡಿತು. ಮಕ್ಕಳನ್ನು ಕಳುಹಿಸುವವರು ಇದನ್ನೂ ತಿಳಿದೇ ಕಳುಹಿಸಬೇಕು.

ತಿರುಗಿ ಬಂದವರ ಮಾತು ಉಳಿಯಿತು. ಎಲ್ಲಾ ಪೈರೂ ಹಿಡಿಯುವುದಿಲ್ಲ. ಒಂದು ಅವಧಿಯಲ್ಲಿ ತಪ್ಪಿದವನನ್ನು ಅದೇ ಅವಧಿಯನ್ನು ಮತ್ತೊಮ್ಮೆ ಮಾಡಿಸುವುದುಂಟು. ಕೆಲವರನ್ನು ಕಳುಹಿಸಿಬಿಡುವುದೂ ಉಂಟು. ಕೆಲವರು ತಾವಾಗಿ ಬಿಟ್ಟುಬರುತ್ತಾರೆ. ಅಂಥವನು ನಂಜನಗೂಡಿನ ರೈಲುನಿಲ್ದಾಣದಲ್ಲಿ ಇಳಿದು, ಕತ್ತಲಾಗುವ ತನಕ ಕಾದು, ಯಾರೂ ನೋಡದ ಹಾಗೆ ಕೇರಿಗೆ ನಡೆದುಬರುವಂತೆ ಆಗಬಾರದು.

ನ್ಯಾಯಸ್ಥಾಪಕರ ಏಳನೆಯ ಅಧ್ಯಾಯದಲ್ಲಿ ಗಿದ್ಯೋನನ ಬಳಿ ಮೂವತ್ತೆರಡು ಸಾವಿರ ಜನ ಕೂಡಿದ್ದರು. ಹೆದರುವವರು ಮನೆಗೆ ಹೋಗಬಹುದೆಂದು ಸಾರಿದಾಗ ಇಪ್ಪತ್ತೆರಡು ಸಾವಿರ ಮಂದಿ ಹೊರಟುಹೋದರು. ಉಳಿದ ಹತ್ತು ಸಾವಿರವನ್ನು ನೀರಿನ ಬಳಿ ಪರೀಕ್ಷಿಸಿದಾಗ ಮುನ್ನೂರು ಮಂದಿ ನಿಂತರು. ಮುನ್ನೂರು ಮಂದಿಯ ಮೇಲೆ ಪ್ರಸಂಗಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಉಳಿದವರ ಮೇಲೆ ಒಂದನ್ನಾದರೂ ಕೇಳಿದ್ದೀರಾ? ಹೋದವರನ್ನು ದೇವರು ಬೈಯಲಿಲ್ಲ. ಹೋಗುವ ಅಪ್ಪಣೆಯು ದೇವರಿಂದಲೇ ಬಂದದ್ದು. ಇನ್ನೂ ಒಂದು ಸಂಗತಿಯುಂಟು. ಆರನೆಯ ಅಧ್ಯಾಯದ ಕಡೆಯಲ್ಲಿ ಗಿದ್ಯೋನನ ಕರೆಗೆ ಮೊದಲು ಬಂದ ಕುಲಗಳ ಹೆಸರುಗಳನ್ನು ನೋಡಿರಿ: ಮನಸ್ಸೆ, ಆಶೇರ್, ಜೆಬುಲೋನ್, ನಫ್ತಾಲಿ. ಏಳನೆಯ ಅಧ್ಯಾಯದಲ್ಲಿ ಮಿದ್ಯಾನ್ಯರು ರಾತ್ರಿಯಲ್ಲಿ ಚದರಿ ಓಡತೊಡಗಿದ ಮೇಲೆ ಅವರನ್ನು ಹಿಂದಟ್ಟುವುದಕ್ಕೆ ಕೂಡಿಬಂದವರು ಯಾರು? ನಫ್ತಾಲಿಯವರು, ಆಶೇರಿನವರು, ಮನಸ್ಸೆಯವರು. ಮನೆಗೆ ಹೋದವರೇ ಮತ್ತೆ ಬಂದರೆಂದು ನನಗೆ ತೋರುತ್ತದೆ. ಪಂಜು ಹಿಡಿದು ನಿಲ್ಲುವ ಆ ಒಂದು ರಾತ್ರಿಗೆ ಅವರು ಬೇಕಾಗಿರಲಿಲ್ಲ. ಬೆಳಗಾದ ಮೇಲೆ ಅವರಿಗೆ ಕೆಲಸವಿತ್ತು.

ನಮ್ಮಲ್ಲಿಯೂ ಕೆಲಸವಿದೆ. ಆ ಅಕಾಡೆಮಿಯ ಪ್ರವೇಶಪರೀಕ್ಷೆಯು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ನಡೆಯುತ್ತದೆ. ಗಣಿತಕ್ಕೆ ಮುನ್ನೂರು ಅಂಕ, ಇತರ ಸಾಮಾನ್ಯ ವಿಷಯಗಳಿಗೆ ಆರುನೂರು, ಅದರಲ್ಲಿ ಇಂಗ್ಲಿಷಿನ ಪಾಲೇ ಇನ್ನೂರು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗ ಹುಡುಗಿಯರು ಬುದ್ಧಿ ಸಾಲದೆ ಅಲ್ಲ, ಈ ಹೊಸಿಲನ್ನು ಎಡವಿ ಬೀಳುತ್ತಾರೆ. ಅದನ್ನು ಒಮ್ಮೆ ದಾಟಿ ಹೋಗಿ ತಿರುಗಿ ಬಂದವನು ಸಭೆಯಲ್ಲಿದ್ದರೆ, ಅವನ ಹಾಗೆ ಅದನ್ನು ಬಲ್ಲವನು ಊರಿನಲ್ಲಿ ಮತ್ತೊಬ್ಬನಿಲ್ಲ. ಯಾಕೆ ಬಂದೆ ಎಂದು ಅವನನ್ನು ಕೇಳುವುದನ್ನು ಬಿಡಿರಿ. ದೇವಾಲಯದ ಪಡಸಾಲೆಯಲ್ಲಿ ಸಾಯಂಕಾಲ ಒಂದು ದೀಪ, ಒಂದು ಕರಿಹಲಗೆ, ನಾಲ್ಕು ಚಾಪೆಗಳನ್ನು ಹಾಕಿಸಿ, ಒಂಬತ್ತನೆಯ ಹತ್ತನೆಯ ತರಗತಿಯ ಮಕ್ಕಳನ್ನು ಕೂಡಿಸಿ, ಅಣ್ಣಾ, ಇವರಿಗೆ ಗಣಿತ ಹೇಳಿಕೊಡು ಎಂದು ಹಿರಿಯರೇ ಹೋಗಿ ಅವನನ್ನು ಕರೆಯಲಿ.